ತೋಟದ ಓದುಬರಹ: ಟ್ಯಾಬ್ಲೆಟ್ ಬೇಕೆ, ಮೊಬೈಲ್ ಸಾಕೆ?

(ಮಲ್ಲಂದೂರಿನಲ್ಲಿ ನಡೆದ ಕಾಫಿ ಬೆಳೆಗಾರರ ಸಭೆಯಲ್ಲಿ ಬೇಸಾಯಶಾಸ್ತ್ರದ ಉಪನ್ಯಾಸಕರು ಮಾಡಿದ ಭಾಷಣ)



ಬೇಸಾಯಶಾಸ್ತ್ರದ ಮೇಷ್ಟರು ಬಂದರೆಂದರೆ ಗೊಬ್ಬರದ ಪ್ರಮಾಣ, ಸುಣ್ಣ, ಮರಗಸಿ ಇವುಗಳ ಬಗ್ಗೆ ಮಾತನಾಡುತ್ತಾರೆಂದು ತಾವು ನಿರೀಕ್ಷಿಸಿರಬಹುದು. ಈ ದಿನ ಅವನ್ನು ಬದಿಗಿಟ್ಟಿದ್ದೇನೆ. ಕಳೆದ ಸಲ ಇಲ್ಲಿಗೆ ಬಂದಿದ್ದಾಗ ಹಿರಿಯ ಬೆಳೆಗಾರರೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, "ಸ್ವಾಮಿ, ಬೆಂಗಳೂರಿನಲ್ಲಿರುವ ಮಗ ಒಂದು ಟ್ಯಾಬ್ ಕೊಡಿಸುತ್ತೇನೆ ಎನ್ನುತ್ತಿದ್ದಾನೆ. ತೋಟದ ಲೆಕ್ಕ ಬರೆಯುವುದಕ್ಕೆ, ನಿಮ್ಮ ಪತ್ರಿಕೆ ಓದುವುದಕ್ಕೆ ಅದು ಬೇಕೇ ಬೇಕೋ, ಇಲ್ಲ ಈ ಫೋನಿನಲ್ಲೇ ಆಗುತ್ತದೋ?" ಎಂದು ಕೇಳಿದರು. ಆಗ ಅವಸರದಲ್ಲಿ "ಫೋನ್ ಸಾಕು" ಎಂದುಬಿಟ್ಟೆ. ಹಾಗೆ ಹೇಳಲು ಕಾರಣವೇನೆಂಬುದನ್ನು ಈಗ ವಿವರಿಸುತ್ತೇನೆ. ಎಲ್ಲಿ ಸಾಲದು ಎಂಬುದನ್ನೂ ಹೇಳಬೇಕಾಗಿದೆ.

ಮೊದಲು ನನ್ನ ಸ್ವಂತ ಅನುಭವ. ಕೆಲವು ವರ್ಷಗಳ ಹಿಂದೆ ನಾನೂ ಹತ್ತು ಇಂಚಿನ ಟ್ಯಾಬ್ಲೆಟ್ ಒಂದನ್ನು ಕೊಂಡೆ. ಕಳಸದ ಕಡೆಯ ಕೆಲವು ತೋಟಗಳಲ್ಲಿ ಮೆಣಸಿನ ಸೊರಗು ರೋಗವನ್ನು ಗಮನಿಸುತ್ತಿದ್ದ ಕಾಲ ಅದು. ಬಳ್ಳಿಯ ಬುಡದಲ್ಲಿ ನೀರು ನಿಲ್ಲುವ ಜಾಗ ಯಾವುದು, ಬಸಿಗಾಲುವೆ ತೆಗೆದದ್ದು ಯಾವಾಗ, ಬೋರ್ಡೋ ದ್ರಾವಣ ಸಿಂಪಡಿಸಿದ್ದು ಮಳೆಗೆ ಎಷ್ಟು ದಿನ ಮೊದಲು ಎಂಬುದನ್ನೆಲ್ಲ ಅದರಲ್ಲಿ ಬರೆದಿಡಬೇಕೆಂಬುದು ನನ್ನ ಉದ್ದೇಶ. ಮೊದಲ ತಿಂಗಳು ಅದನ್ನು ಕೈಯಲ್ಲಿ ಹಿಡಿದೇ ತೋಟ ಸುತ್ತಿದೆ. ಎರಡನೆಯ ತಿಂಗಳು ಅದು ಜೀಪಿನಲ್ಲಿ ಉಳಿಯಿತು. ಜೂನ್ ಹಿಡಿದ ಮೇಲೆ ಒಂದು ಕೈಯಲ್ಲಿ ಕೊಡೆ, ಇನ್ನೊಂದು ಕೈಯಲ್ಲಿ ಕೋಲು. ಟ್ಯಾಬ್ಲೆಟ್ ತಂಗಿದ್ದ ಕೋಣೆಯ ಮೇಜಿನ ಮೇಲೆ. ತೋಟದಲ್ಲಿ ಕಂಡದ್ದನ್ನು ಅಂಗೈ ಮೇಲೆ, ಗೊಬ್ಬರದ ಅಂಗಡಿಯ ರಸೀದಿಯ ಬೆನ್ನಿನ ಮೇಲೆ ಗೀಚಿಕೊಂಡು ಬಂದು ರಾತ್ರಿ ಕುಳಿತು ಅದಕ್ಕೆ ಏರಿಸುತ್ತಿದ್ದೆ. ಬೆಳಿಗ್ಗೆ ಕಂಡದ್ದಕ್ಕೂ ರಾತ್ರಿ ಬರೆದದ್ದಕ್ಕೂ ಎಷ್ಟೋ ಸಲ ತಾಳೆಯಾಗುತ್ತಿರಲಿಲ್ಲ. ಕೆರೆ ಬದಿಯ ಬ್ಲಾಕಿನ ಬಳ್ಳಿಗಳು ಗುಡ್ಡದ ಮೇಲಿನ ಬ್ಲಾಕಿನ ಹೆಸರಿನಲ್ಲಿ ದಾಖಲಾಗಿರುತ್ತಿದ್ದವು.

ಎರಡನೆಯ ಮಳೆಗಾಲದಲ್ಲಿ ಅದು ಜೀಪಿನ ಮೆಟ್ಟಿಲಿನಿಂದ ಜಾರಿ ಚರಂಡಿಗೆ ಬಿತ್ತು. ರಿಪೇರಿ ಅಂಗಡಿಯವರ ಪ್ರಯತ್ನವೂ ಫಲ ಕೊಡಲಿಲ್ಲ. ಬರೆದದ್ದರ ಪ್ರತಿಯೊಂದು ಅಂತರ್ಜಾಲಕ್ಕೆ ತಾನಾಗಿ ಹೋಗುವಂತೆ ವ್ಯವಸ್ಥೆ ಮಾಡಿದ್ದೆ. ಆದರೆ ಅದಕ್ಕೆ ಸಿಮ್ ಇರಲಿಲ್ಲ, ತಂಗಿದ್ದ ಕಡೆ ವೈಫೈ ಇರಲಿಲ್ಲ. ಹೋಗಬೇಕಾದ ಪ್ರತಿ ಹೋಗಿರಲೇ ಇಲ್ಲ. ಎರಡು ಹಂಗಾಮಿನ ಟಿಪ್ಪಣಿ ಹಾಗೆಯೇ ನೀರು ಪಾಲಾಯಿತು. "ಮೊದಲು ಕಾಲುವೆ ತೆಗೆದ ಬ್ಲಾಕಿನಲ್ಲಿ ಎಷ್ಟು ಬಳ್ಳಿ ಉಳಿದವು?" ಎಂದು ಆ ತೋಟದವರು ಕೇಳಿದರೆ ಅಂದಾಜು ಹೇಳುತ್ತೇನೆಯೇ ಹೊರತು ಅಂಕಿ ಹೇಳಲಾರೆ. ವಿಜ್ಞಾನದ ವಿದ್ಯಾರ್ಥಿಗೆ ಇದಕ್ಕಿಂತ ನಾಚಿಕೆಯ ಸಂಗತಿ ಇಲ್ಲ. ತಪ್ಪು ಯಂತ್ರದ್ದಲ್ಲ, ಮೇಜಿನ ಮೇಲಿಟ್ಟು ಬಳಸಬೇಕಾದ ವಸ್ತುವನ್ನು ನಾನು ಮಳೆಗಾಲದ ಮಲೆನಾಡಿನ ತೋಟಕ್ಕೆ ಒಯ್ದದ್ದು ತಪ್ಪು.

ತೋಟದಲ್ಲಿ ಬರೆದಿಡಬೇಕಾದದ್ದು ಅಷ್ಟೊಂದು ಏನಿದೆ ಎಂದು ಕೆಲವರು ಕೇಳಬಹುದು. ಮಳೆಯನ್ನೇ ತೆಗೆದುಕೊಳ್ಳಿ. ನಮ್ಮ ಹಳೆಯ ತೋಟದ ಮನೆಗಳಲ್ಲಿ ಮಳೆ ಪುಸ್ತಕ ಇರುವುದನ್ನು ತಾವೆಲ್ಲರೂ ಬಲ್ಲಿರಿ. ಬೆಳಿಗ್ಗೆ ಮಳೆಮಾಪಕ ನೋಡಿ ಇಂಚು-ಸೆಂಟಿನಲ್ಲಿ ಬರೆಯುವ ಪದ್ಧತಿ ಅಜ್ಜಂದಿರ ಕಾಲದ್ದು. ರೊಬಸ್ಟಾಕ್ಕೆ ಫೆಬ್ರವರಿ-ಮಾರ್ಚ್ ತಿಂಗಳ ಹೂಮಳೆ ಎಷ್ಟು ಬಿತ್ತು, ಎಂದು ಬಿತ್ತು, ಮುಂದಿನ ಎರಡು ಮೂರು ವಾರಗಳೊಳಗೆ ಬ್ಯಾಕಿಂಗ್ ಮಳೆ ಬಂತೇ ಎಂಬುದರ ಮೇಲೆ ಆ ವರ್ಷದ ಫಸಲು ನಿಂತಿದೆ. ಸರಿಯಾದ ಮಳೆ ಬಿದ್ದರೆ ಎಂಟು ಹತ್ತು ದಿನಗಳಲ್ಲಿ ಹೂವು ಅರಳುತ್ತದೆ. ಸಾಲದ ಮಳೆ ಬಿದ್ದಲ್ಲಿ ತುಂತುರು ನೀರಾವರಿ ಕೊಟ್ಟು ಸರಿದೂಗಿಸಬೇಕಾಗುತ್ತದೆ. ಸಾಲದು ಎಂಬುದನ್ನು ನಿರ್ಣಯಿಸುವುದಕ್ಕೆ ಅಂಕಿ ಬೇಕು. "ಶಿವರಾತ್ರಿ ಆಸುಪಾಸಿನಲ್ಲಿ ಒಂದು ಒಳ್ಳೆ ಮಳೆ ಬಿತ್ತು" ಎಂಬ ನೆನಪಿನಿಂದ ಪಂಪು ಹಾಕಬೇಕೋ ಬೇಡವೋ ಎಂದು ತೀರ್ಮಾನಿಸಲು ಸಾಧ್ಯವಿಲ್ಲ. ಅದರಲ್ಲೂ ಒಂದೇ ತೋಟದ ಮೇಲಿನ ಗುಡ್ಡಕ್ಕೆ ಬಿದ್ದ ಮಳೆ ಕೆಳಗಿನ ಹಳ್ಳಕ್ಕೆ ಬೀಳದಿರುವುದು ನಮ್ಮ ಸೀಮೆಯಲ್ಲಿ ಸಾಮಾನ್ಯ.

ಅರೇಬಿಕಾ ಬೆಳೆಯುವವರಿಗೆ ಬಿಳಿ ಕಾಂಡಕೊರಕದ ಲೆಕ್ಕ ಇದಕ್ಕಿಂತಲೂ ಮುಖ್ಯ. ದುಂಬಿಗಳು ಏಪ್ರಿಲ್-ಮೇ ತಿಂಗಳಲ್ಲೊಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಮತ್ತೊಮ್ಮೆ ಹೊರಬಂದು ಹಾರುತ್ತವೆ. ಆದುದರಿಂದ ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳುಗಳಲ್ಲಿ ಗಿಡಗಿಡವನ್ನೂ ನೋಡಿ, ಕಾಂಡದ ಮೇಲೆ ಉಂಗುರದಂತೆ ಉಬ್ಬಿದ ಗಿಡಗಳನ್ನು ಗುರುತಿಸಿ, ಕಿತ್ತು ಸುಡಬೇಕೆಂದು ಶಿಫಾರಸು ಮಾಡುತ್ತೇವೆ. ತಾವೂ ಹಾಗೆಯೇ ಮಾಡುತ್ತೀರಿ. ಆದರೆ ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಕಿತ್ತಿರಿ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ, ಹೆಚ್ಚಾದ ಜಾಗದಲ್ಲಿ ನೆರಳು ತೆಳುವಾಗಿತ್ತೇ ಎಂದು ಕೇಳಿದರೆ ಮೇಸ್ತ್ರಿಯ ಮುಖ ನೋಡುತ್ತೀರಿ. ಬಿಸಿಲು ಬೀಳುವ ಗಿಡವನ್ನೇ ಈ ದುಂಬಿ ಹುಡುಕಿಕೊಂಡು ಬರುವುದರಿಂದ, ಮರಗಸಿ ಅತಿಯಾದ ಬ್ಲಾಕನ್ನು ಈ ಲೆಕ್ಕವೇ ತೋರಿಸಿಕೊಡುತ್ತದೆ. ಈ ಬರಹವನ್ನು ಗಿಡದ ಬುಡದಲ್ಲಿ ನಿಂತಾಗಲೇ ಬರೆಯಬೇಕು. ಗಿಡದ ಬುಡದಲ್ಲಿ ನಿಂತಾಗ ತಮ್ಮ ಬಳಿ ಇರುವುದು ಜೇಬಿನಲ್ಲಿರುವ ಫೋನು. ನನ್ನ ವಾದವೆಲ್ಲ ಇಷ್ಟೇ, ಉಳಿದದ್ದು ವಿಧಾನ.

ಓದುಬರಹಕ್ಕೆಂದೇ ಪ್ರತ್ಯೇಕ ಯಂತ್ರ ಕೊಡಬೇಕೆಂಬ ಆಲೋಚನೆ ನಮ್ಮ ರಾಜ್ಯದಲ್ಲಿ ಹೊಸದೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಮತ್ತು ಒಂದು ತಂತ್ರಾಂಶ ಸಂಸ್ಥೆಯ ಎಂಜಿನಿಯರುಗಳು ಸೇರಿ 'ಸಿಂಪ್ಯೂಟರ್' ಎಂಬ ಅಂಗೈ ಗಣಕವನ್ನು ರೂಪಿಸಿ 2001ರಲ್ಲಿ ಜನರ ಮುಂದಿಟ್ಟರು. ತೆರೆಯ ಮೇಲೆ ಕಡ್ಡಿಯಿಂದ ಮುಟ್ಟಿ ಬರೆಯಬಹುದಾಗಿದ್ದ, ಕನ್ನಡವನ್ನು ಗಟ್ಟಿಯಾಗಿ ಓದಿ ಹೇಳಬಲ್ಲ ಯಂತ್ರ ಅದು. ಊರಿಗೊಂದು ಸಿಂಪ್ಯೂಟರ್, ಒಬ್ಬೊಬ್ಬರಿಗೂ ತಮ್ಮ ವಿವರವಿರುವ ಒಂದು ಸ್ಮಾರ್ಟ್ ಕಾರ್ಡ್ ಎಂಬ ಯೋಚನೆ ಅದರ ಹಿಂದೆ ಇತ್ತು. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸಹಯೋಗದಲ್ಲಿ 'ಅಮಿಡಾ' ಎಂಬ ಹೆಸರಿನಿಂದ ಮಾರುಕಟ್ಟೆಗೆ ಬಂದರೂ ನಿರೀಕ್ಷಿಸಿದಷ್ಟು ಮಾರಾಟವಾಗಲಿಲ್ಲ. 2011ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ವಿದ್ಯಾರ್ಥಿಗಳಿಗೆಂದು ಬಿಡುಗಡೆ ಮಾಡಿದ 'ಆಕಾಶ್' ಎಂಬ ಅಗ್ಗದ ಟ್ಯಾಬ್ಲೆಟ್ ಕೂಡ ಹೆಚ್ಚು ಕಾಲ ನಿಲ್ಲಲಿಲ್ಲ. ಈ ಎರಡರ ಕಲ್ಪನೆಯೂ ಒಳ್ಳೆಯದೇ. ಆದರೆ ಜನ ಮಾತನಾಡಲು ಕೊಂಡ ಫೋನು ತಾನಾಗಿಯೇ ಓದುವ, ಬರೆಯುವ, ಚಿತ್ರ ತೆಗೆಯುವ ಯಂತ್ರವಾಗಿ ಬೆಳೆದುಬಿಟ್ಟಿತು. ಎರಡನೆಯ ಯಂತ್ರವೊಂದನ್ನು ಹೊತ್ತು ತಿರುಗುವವರು ಎಲ್ಲಿಯೂ ಕಡಿಮೆ.

ಇನ್ನು ಕನ್ನಡದಲ್ಲಿ ಬರೆಯುವ ವಿಷಯ. ಎಷ್ಟೋ ಬೆಳೆಗಾರರು ಫೋನಿನಲ್ಲಿ "ಮಳೆ ಬಂತು" ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದನ್ನು ನೋಡಿದ್ದೇನೆ. ಆರು ತಿಂಗಳ ನಂತರ ಅದನ್ನು ಓದಲು ಬರೆದವರಿಗೇ ಕಷ್ಟ. ನಮ್ಮ ಜಿಲ್ಲೆಯವರು ಈ ವಿಷಯದಲ್ಲಿ ಹಿಂದುಳಿಯಬಾರದು. ಮೂಡಿಗೆರೆಯಲ್ಲಿ ಕಾಫಿ ಬೆಳೆಯುತ್ತಾ ಬರೆಯುತ್ತಿದ್ದ ಕೆ. ಪಿ. ಪೂರ್ಣಚಂದ್ರ ತೇಜಸ್ವಿಯವರು, 2007ರಲ್ಲಿ ತೀರಿಕೊಳ್ಳುವ ಮುಂಚಿನ ವರ್ಷಗಳಲ್ಲಿ, ಗಣಕದಲ್ಲಿ ಕನ್ನಡ ಸಲೀಸಾಗಿ ನಡೆಯಬೇಕೆಂದು ಹಟ ಹಿಡಿದು ಮಾತನಾಡಿದವರು. ಅಂದು ಗಣಕದಲ್ಲಿ ಕನ್ನಡ ಮೂಡಿಸಲು ಪಡಬೇಕಾಗಿದ್ದ ಪಾಡು ಇಂದು ಫೋನಿನಲ್ಲಿ ಇಲ್ಲ. ಫೋನಿನ ಸೆಟ್ಟಿಂಗ್ಸಿನಲ್ಲಿ ಭಾಷೆ ಎಂಬಲ್ಲಿಗೆ ಹೋಗಿ ಕನ್ನಡ ಕೀಲಿಮಣೆಯನ್ನು ಸೇರಿಸಿಕೊಂಡರೆ ಸಾಕು. ಕನ್ನಡ ಅಕ್ಷರಗಳೇ ಕಾಣುವ ಮಣೆ ಒಂದು ಬಗೆ. ಉಚ್ಚಾರಣೆಯಂತೆ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುವುದು ಇನ್ನೊಂದು ಬಗೆ. ಗಣಕದಲ್ಲಿ ಕೆ. ಪಿ. ರಾವ್ ಅವರ ವಿನ್ಯಾಸದಲ್ಲಿ ಟೈಪು ಕಲಿತವರಿಗೆ ಅದೇ ವಿನ್ಯಾಸದ ಮಣೆಯೂ ಸಿಗುತ್ತದೆ. ಒತ್ತಕ್ಷರ ಮೊದಮೊದಲು ತೊಡಕೆನಿಸುತ್ತದೆ. ಹದಿನೈದು ದಿನ ದಿನಕ್ಕೆ ನಾಲ್ಕು ಸಾಲು ಬರೆದರೆ ಕೈ ಕುದುರುತ್ತದೆ.

ಬೆರಳು ದಪ್ಪ, ಅಕ್ಷರ ಚಿಕ್ಕದು ಎನ್ನುವವರು ಬಾಯಿಂದ ಹೇಳಿ ಬರೆಸಬಹುದು. ಗೂಗಲ್‌ನವರು ಕನ್ನಡಕ್ಕೆ ಈ ಸೌಲಭ್ಯ ಕೊಟ್ಟದ್ದು 2017ರಲ್ಲಿ. ಆದರೆ ಎರಡು ಎಚ್ಚರಿಕೆ ಅವಶ್ಯ. ಇದಕ್ಕೆ ಸಾಮಾನ್ಯವಾಗಿ ನೆಟ್‌ವರ್ಕ್ ಬೇಕು. ನಮ್ಮ ಹಳ್ಳದ ತೋಟಗಳಲ್ಲಿ ಅದು ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಅಲ್ಲದೆ ತೋಟದ ಮಾತು ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ನಾನು "ಮರಗಸಿ" ಎಂದದ್ದನ್ನು ಅದು ಏನೇನೋ ಬರೆದು ಕೊಟ್ಟಿದೆ. ಅಂಕಿಗಳನ್ನಂತೂ ಕೈಯಿಂದಲೇ ಒತ್ತಬೇಕು. ನೆಟ್‌ವರ್ಕ್ ಇಲ್ಲದ ಕಡೆ ಧ್ವನಿಯನ್ನೇ ಮುದ್ರಿಸಿಕೊಂಡು ಸಂಜೆ ಕೇಳಿ ಬರೆಯುವುದು ಒಳ್ಳೆಯದು. ತೋಟದಲ್ಲಿ ನಿಂತು ಹೇಳಿದ ಮಾತು ಹಾಗೇ ಉಳಿದಿರುತ್ತದೆ.

ಬರೆಯುವ ಕ್ರಮ ಸರಳವಾಗಿರಲಿ. ಫೋನಿನಲ್ಲಿ ಟಿಪ್ಪಣಿ ಬರೆಯುವ ಸೌಲಭ್ಯ ಇದ್ದೇ ಇರುತ್ತದೆ. ಬ್ಲಾಕಿಗೊಂದು ಟಿಪ್ಪಣಿ ತೆರೆಯಿರಿ. ಪ್ರತಿ ಸಾಲಿನಲ್ಲೂ ಮೊದಲು ತಾರೀಕು, ಆಮೇಲೆ ಕೆಲಸ ಅಥವಾ ಕಂಡದ್ದು, ಆಮೇಲೆ ಅಂಕಿ, ಅದರ ಜೊತೆ ಅಳತೆ. ಉದಾಹರಣೆಗೆ ಹೀಗೆ:

"ಮಾರ್ಚ್ 12. ಕೆರೆ ಮೇಲಿನ ಬ್ಲಾಕ್. ಮಳೆ 85 ಸೆಂಟ್. ಮೊಗ್ಗು ಚೆನ್ನಾಗಿ ನೆನೆದಿದೆ."

"ಮಾರ್ಚ್ 21. ಕೆರೆ ಮೇಲಿನ ಬ್ಲಾಕ್. ಪೂರ್ತಿ ಹೂವು. ಬೇಲಿ ಕಡೆಯ ಎರಡು ಸಾಲು ಮಾತ್ರ ಅರ್ಧ."

ಅಳತೆಯನ್ನು ಬಿಡಬಾರದು. ನೂರು ಸೆಂಟಿಗೆ ಒಂದು ಇಂಚು, ಅಂದರೆ 25.4 ಮಿಲಿಮೀಟರ್. ಮನೆಯಲ್ಲಿ ಸೆಂಟಿನಲ್ಲಿ, ಕಚೇರಿಯವರು ಮಿಲಿಮೀಟರಿನಲ್ಲಿ ಬರೆಯುವುದರಿಂದ ಬರೀ "25" ಎಂದಿದ್ದರೆ ಅದು ಕಾಲು ಇಂಚೋ ಒಂದು ಇಂಚೋ ಎಂದು ಮಗನಿಗೆ ಗೊತ್ತಾಗುವುದಿಲ್ಲ. ಇನ್ನೊಂದು ಮಾತು: ಒಂದು ವಸ್ತುವಿಗೆ ಯಾವಾಗಲೂ ಒಂದೇ ಹೆಸರು ಬಳಸಿ. ಒಂದು ದಿನ "ಬೋರರ್", ಇನ್ನೊಂದು ದಿನ "ಕಾಂಡಕೊರಕ", ಮತ್ತೊಂದು ದಿನ "ಹುಳ ಬಿದ್ದ ಗಿಡ" ಎಂದು ಬರೆದರೆ ಹುಡುಕಿದಾಗ ಎಲ್ಲವೂ ಸಿಗುವುದಿಲ್ಲ. ಹುಡುಕುವ ಸೌಲಭ್ಯವೇ ಫೋನಿನ ಬರಹಕ್ಕೆ ಪುಸ್ತಕಕ್ಕಿಂತ ಇರುವ ದೊಡ್ಡ ಅನುಕೂಲ. "ಬೋರರ್" ಎಂದು ಒತ್ತಿದೊಡನೆ ಐದು ವರ್ಷದ ಸಾಲುಗಳು ಕಣ್ಣ ಮುಂದೆ ಬರಬೇಕು.

ರೋಗದ ಎಲೆಯ ಚಿತ್ರ ತೆಗೆಯುವಾಗ ಎಲೆಯ ಮೇಲ್ಭಾಗ, ತಳಭಾಗ ಎರಡನ್ನೂ ತೆಗೆಯಿರಿ. ತುಕ್ಕು ರೋಗದ ಪುಡಿ ಇರುವುದು ತಳಭಾಗದಲ್ಲಿ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ರೂಪಾಯಿ ನಾಣ್ಯ ಇಡಿ. ಹತ್ತಿರದ ಒಂದು ಚಿತ್ರ, ಇಡೀ ಗಿಡದ ಒಂದು ಚಿತ್ರ. ನಮಗೆ ಬರುವ ಚಿತ್ರಗಳಲ್ಲಿ ಅರ್ಧಕ್ಕೆ ಅರ್ಧ ಮಸುಕಾಗಿರುತ್ತವೆ. ಅವನ್ನು ನೋಡಿ ಔಷಧಿ ಹೇಳುವುದು ಕಣ್ಣು ಮುಚ್ಚಿ ಸಿಂಪಡಿಸಿದಂತೆ.

ಓದುವ ವಿಷಯಕ್ಕೆ ಬಂದರೆ ಫೋನು ಸಾಲದ ಕಡೆ ಇಲ್ಲಿದೆ. ನಾವು, ಅಂದರೆ ವಿಶ್ವವಿದ್ಯಾಲಯದವರು, ಕೈಪಿಡಿಗಳನ್ನು ಕಾಗದದ ಪುಟದ ಅಳತೆಯಲ್ಲಿಯೇ ಪಿಡಿಎಫ್ ಮಾಡಿ ಕಳುಹಿಸುತ್ತೇವೆ. ಹತ್ತು ಇಂಚಿನ ಟ್ಯಾಬ್ಲೆಟ್ಟಿನಲ್ಲಿ ಆ ಪುಟ ಹಾಗೆಯೇ ಓದಲು ಬರುತ್ತದೆ. ಆರು ಇಂಚಿನ ಫೋನಿನಲ್ಲಿ ಒಂದೊಂದು ಸಾಲಿಗೂ ಅತ್ತಿಂದಿತ್ತ ಎಳೆಯಬೇಕು. ಚಾಳೀಸು ಬಂದ ನನ್ನಂಥವರಿಗೆ ಅದು ಶಿಕ್ಷೆಯೇ. ಗೊಬ್ಬರದ ಕೋಷ್ಟಕವಾದರೆ ಯಾವ ಅಂಕಿ ಯಾವ ಸಾಲಿನದೆಂದು ತಪ್ಪಿ ಹೋಗುವ ಅಪಾಯವೂ ಇದೆ. ಕೋಷ್ಟಕವನ್ನು ಓದುವಾಗ ಫೋನನ್ನು ಅಡ್ಡ ಹಿಡಿಯಿರಿ; ಇಲ್ಲವೇ ಬೇಕಾದ ಒಂದು ಹಾಳೆಯನ್ನು ಪೇಟೆಯಲ್ಲಿ ಮುದ್ರಿಸಿ ಔಷಧಿ ಕೋಣೆಯ ಗೋಡೆಗೆ ಅಂಟಿಸಿ. ಅಕ್ಷರ ದೊಡ್ಡದು ಮಾಡಿದಂತೆ ಸಾಲು ತಾನಾಗಿ ಮುರಿದು ಹೊಂದಿಕೊಳ್ಳುವ ಬರಹವಾದರೆ ಫೋನಿನಲ್ಲಿಯೂ ತೊಂದರೆಯಿಲ್ಲ. ಇಲ್ಲಿರುವ ವಿಸ್ತರಣಾ ಮಿತ್ರರಲ್ಲಿ ನನ್ನ ವಿನಂತಿ ಏನೆಂದರೆ, ರೈತರಿಗೆ ಕಳುಹಿಸುವ ಸಲಹೆಯನ್ನು ಪಿಡಿಎಫ್ ಮಾಡದೆ ಹತ್ತು ಸಾಲಿನ ನೇರ ಬರಹವಾಗಿ ಕಳುಹಿಸಿ. ಅದನ್ನು ಯುನಿಕೋಡ್‌ನಲ್ಲಿಯೇ ಟೈಪು ಮಾಡಿಸಿ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಮಾಡಿದ ಕಡತವನ್ನು ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಆಗ ರೈತನು ತನ್ನ ಫೋನು ಕೆಟ್ಟಿದೆ ಎಂದುಕೊಳ್ಳುತ್ತಾನೆ.

ಮನೆಯಲ್ಲಿ ಓದುವ ಮಕ್ಕಳಿದ್ದರೆ, ಬಹಳ ಹೊತ್ತು ಪುಸ್ತಕ ಓದುವ ಹಿರಿಯರಿದ್ದರೆ, ಟ್ಯಾಬ್ಲೆಟ್ ಕೊಳ್ಳುವುದು ದಂಡವಲ್ಲ. ತೋಟದ ದಾಖಲೆಗೆಂದು ಕೊಳ್ಳಬೇಡಿ, ಅಷ್ಟೇ.

ಓದುವುದರಲ್ಲೇ ನಿಲ್ಲದೆ ಬರೆಯಿರಿ ಎಂದೂ ಹೇಳಬೇಕಾಗಿದೆ. ಪುತ್ತೂರಿನಿಂದ 1988ರಲ್ಲಿ ಆರಂಭವಾದ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೇ ಲೇಖನಿ ಕೊಟ್ಟು ಬರೆಸಿತು. ಅಲ್ಲಿ ಬಂದ ಎಷ್ಟೋ ಬೆಳೆಗಾರರ ಅನುಭವ ನಮ್ಮ ಪ್ರಯೋಗ ತಾಕಿನಲ್ಲಿ ಸಿಕ್ಕುವಂಥದ್ದಲ್ಲ. ಅಂದು ಹಾಳೆಯ ಮೇಲೆ ಬರೆದು ಅಂಚೆಗೆ ಹಾಕಬೇಕಿತ್ತು. ಇಂದು ತಾವು ಕಣದಲ್ಲಿ ಕಾಫಿ ಕೆದಕಿಸುತ್ತಾ ಕುಳಿತ ಹೊತ್ತಿನಲ್ಲಿ ಬರೆಯಬಹುದು.

ಫೋನೇ ಬೇಕು ಎನ್ನುವುದಕ್ಕೆ ಈಚೆಗೆ ಬಂದಿರುವ ಇನ್ನೊಂದು ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಮ್ಮ ಕಾಫಿಯ ದೊಡ್ಡ ಪಾಲು ಹೊರದೇಶಕ್ಕೆ, ಅದರಲ್ಲೂ ಯೂರೋಪಿಗೆ ಹೋಗುತ್ತದೆ. ಕಾಡು ಕಡಿದು ಬೆಳೆದ ಕಾಫಿಯನ್ನು ಕೊಳ್ಳುವುದಿಲ್ಲವೆಂದು ಯೂರೋಪಿಯನ್ ಒಕ್ಕೂಟ 2023ರಲ್ಲಿ ಕಾನೂನು ಮಾಡಿದೆ. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ್ದಲ್ಲವೆಂದು ತೋರಿಸಲು ಬೆಳೆದ ಜಾಗದ ಅಕ್ಷಾಂಶ ರೇಖಾಂಶಗಳನ್ನು ಕೊಡಬೇಕು. ಜಾರಿಯ ದಿನಾಂಕವನ್ನು ಒಂದಕ್ಕಿಂತ ಹೆಚ್ಚು ಸಲ ಮುಂದೂಡಿದ್ದಾರೆ. ಹಾಗೆಂದು ಸುಮ್ಮನೆ ಕೂರುವುದು ಜಾಣತನವಲ್ಲ. ನಾಲ್ಕು ಹೆಕ್ಟೇರು, ಅಂದರೆ ಸುಮಾರು ಹತ್ತು ಎಕರೆಯವರೆಗಿನ ತಾಕಿಗೆ ಒಂದು ಬಿಂದು ಸಾಕು. ಅದಕ್ಕೂ ದೊಡ್ಡದಾದರೆ ಗಡಿಯ ಸುತ್ತಲಿನ ಬಿಂದುಗಳು ಬೇಕು. ಕಾಫಿ ಮಂಡಳಿಯವರು ಇದಕ್ಕಾಗಿ ಆ್ಯಪ್ ಒಂದನ್ನು ಮಾಡಿ ನೋಂದಾಯಿಸಿಕೊಳ್ಳುವಂತೆ ಬೆಳೆಗಾರರಿಗೆ ತಿಳಿಸಿದ್ದಾರೆ. ಈ ಬಿಂದುಗಳನ್ನು ಮನೆಯಲ್ಲಿ ಕುಳಿತು ಅಂದಾಜಿನಿಂದ ಹಾಕಬಾರದು. ಗಡಿಯಲ್ಲಿ ನಡೆಯಬೇಕು. ಉಪಗ್ರಹದಿಂದ ಜಾಗ ಗುರುತಿಸುವ ಜಿಪಿಎಸ್ ಫೋನಿನಲ್ಲಿ ಇರುತ್ತದೆ. ಸಿಮ್ ಹಾಕಲು ಬಾರದ ಕೆಲವು ಟ್ಯಾಬ್ಲೆಟ್ಟುಗಳಲ್ಲಿ ಅದು ಇರುವುದೇ ಇಲ್ಲ. ಕೊಂಡ ಮೇಲೆ ತಿಳಿದು ಪರದಾಡಿದವರಿದ್ದಾರೆ. ದಟ್ಟ ಸಿಲ್ವರ್ ಓಕ್ ನೆರಳಿನಡಿ ಫೋನು ಕೂಡ ಹಲವು ಮೀಟರು ತಪ್ಪು ತೋರಿಸುತ್ತದೆ. ಆಕಾಶ ಕಾಣುವ ಕಡೆ ಎರಡು ಮೂರು ನಿಮಿಷ ನಿಂತು, ಬಿಂದು ಅಲುಗಾಡುವುದು ನಿಂತ ಮೇಲೆ ಗುರುತು ಹಾಕಿ. ರಾಜ್ಯದ ಬೆಳೆ ಸಮೀಕ್ಷೆಯ ಆ್ಯಪ್‌ನಲ್ಲಿ 2020ರಿಂದ ರೈತರೇ ಬೆಳೆ ವಿವರ ಏರಿಸುವ ವ್ಯವಸ್ಥೆ ಬಂದದ್ದು ತಮಗೆ ಗೊತ್ತು. ಅಲ್ಲಿಯೂ ಆಯಾ ಸರ್ವೆ ನಂಬರಿನಲ್ಲಿ ನಿಂತೇ ಚಿತ್ರ ತೆಗೆಯಬೇಕು. ಪಹಣಿಯಲ್ಲಿ ಬೆಳೆ ತಪ್ಪಾಗಿ ಕುಳಿತರೆ ಪರಿಹಾರದ ಹೊತ್ತಿಗೆ ಅಲೆದಾಟ ತಪ್ಪದು. 2019ರ ಆಗಸ್ಟ್ ಮಳೆಯಲ್ಲಿ ಮೂಡಿಗೆರೆ ಕಡೆ ಗುಡ್ಡ ಜರಿದು ತೋಟಗಳೇ ಕೊಚ್ಚಿಹೋದವು. ಇದ್ದ ಗಿಡವೇ ಇಲ್ಲವಾದ ಮೇಲೆ, ಇಲ್ಲಿ ಗಿಡವಿತ್ತು ಎಂದು ತೋರಿಸಲು ಹಳೆಯ ಚಿತ್ರವೊಂದು ಎಷ್ಟು ಬೆಲೆಬಾಳುತ್ತದೆಂಬುದನ್ನು ನಾನು ಹೇಳಬೇಕಾಗಿಲ್ಲ.

ಇನ್ನು ದಾಖಲೆಯ ರಕ್ಷಣೆ. ಚರಂಡಿಗೆ ಬಿದ್ದ ನನ್ನ ಟ್ಯಾಬ್ಲೆಟ್ ಕಲಿಸಿದ್ದು ಇದನ್ನು. ಫೋನೂ ಬೀಳುತ್ತದೆ, ನೆನೆಯುತ್ತದೆ, ಕಳೆಯುತ್ತದೆ. ಆದುದರಿಂದ ತಿಂಗಳ ಕೊನೆಯ ದಿನ ಟಿಪ್ಪಣಿಗಳನ್ನು ನೋಡಿ ಮುಖ್ಯ ಅಂಕಿಗಳನ್ನು, ಅಂದರೆ ಮಳೆ, ಕಿತ್ತ ಗಿಡ, ಗೊಬ್ಬರ, ಕೊಯ್ದ ಹಣ್ಣಿನ ತೂಕ ಇವನ್ನು ಹಳೆಯ ಮಳೆ ಪುಸ್ತಕಕ್ಕೇ ಇಳಿಸಿ. ಅರ್ಧ ಗಂಟೆಯ ಕೆಲಸ. ಹಲವು ಮನೆಗಳಲ್ಲಿ ಹೆಣ್ಣುಮಕ್ಕಳೇ ಇದನ್ನು ನಡೆಸಿಕೊಂಡು ಬರುತ್ತಿದ್ದಾರೆ. ಅಂಥ ಪುಸ್ತಕಗಳೇ ನಾನು ಕಂಡವುಗಳಲ್ಲಿ ಅತ್ಯಂತ ಅಚ್ಚುಕಟ್ಟಾದವು. ವಾಟ್ಸಾಪ್‌ನಲ್ಲಿ ತಮಗೆ ತಾವೇ ಕಳುಹಿಸಿಕೊಂಡ ಸಂದೇಶವನ್ನು ದಾಖಲೆ ಎಂದು ನಂಬಿ ಕೂರಬೇಡಿ. ಫೋನು ಬದಲಿಸಿದಾಗ ಅದು ಹೊಸದಕ್ಕೆ ಬಂದರೆ ಬಂತು. ಚೆಕ್‌ರೋಲ್ ಮತ್ತು ಹಣ್ಣಿನ ತೂಕವನ್ನು ರೈಟರ ಸ್ವಂತ ಫೋನಿನಲ್ಲಿ ಮಾತ್ರ ಇರಗೊಡಬೇಡಿ. ರೈಟರು ಕೆಲಸ ಬಿಟ್ಟ ದಿನ ಲೆಕ್ಕವೂ ಅವರ ಜೊತೆ ಗೇಟು ದಾಟುತ್ತದೆ. ಆಗ ಆಳುಗಳಿಗೆ ಕೊಡಬೇಕಾದ ಕೂಲಿಯ ಬಗ್ಗೆ ಬರುವ ತಕರಾರಿನಲ್ಲಿ ಯಾರ ಮಾತನ್ನು ನಂಬುವುದು? ವಾರದ ತೂಕವನ್ನು ಶನಿವಾರ ಬಟವಾಡೆಗೆ ಮುಂಚೆ ಎಲ್ಲರ ಎದುರು ಓದಿ ಹೇಳಿಸಿ ಪುಸ್ತಕಕ್ಕೆ ಏರಿಸಿದರೆ ಇಬ್ಬರಿಗೂ ಕ್ಷೇಮ.

ಮಳೆಗಾಲದಲ್ಲಿ ಫೋನನ್ನು ದಪ್ಪ ಪ್ಲಾಸ್ಟಿಕ್ ಕವರಿನಲ್ಲಿಟ್ಟು ಬಾಯಿಗೆ ರಬ್ಬರ್ ಬ್ಯಾಂಡ್ ಹಾಕಿ. ಒದ್ದೆ ಬೆರಳಿಗೆ ತೆರೆ ಸರಿಯಾಗಿ ಓಗೊಡುವುದಿಲ್ಲ. ಒರೆಸಿಕೊಳ್ಳಲು ಒಂದು ಒಣ ಬಟ್ಟೆ ಅದೇ ಕವರಿನಲ್ಲಿರಲಿ. ಔಷಧಿ ಸಿಂಪಡಿಸುತ್ತಿರುವಾಗ ಫೋನನ್ನು ಮುಟ್ಟಬಾರದು. ಅದೇ ಫೋನನ್ನು ಕಿವಿಗೆ, ಕೆನ್ನೆಗೆ ಹಿಡಿಯುತ್ತೇವೆ. ಮನೆಗೆ ಬಂದ ಮೇಲೆ ಮಗು ಕೈಗೆತ್ತಿಕೊಳ್ಳುತ್ತದೆ.

ಈಗ ಹೊರಗೆ ಕಾಫಿ ಸಿದ್ಧವಾಗಿದೆಯೆಂದು ಅಧ್ಯಕ್ಷರು ಸನ್ನೆ ಮಾಡುತ್ತಿದ್ದಾರೆ. ಕುಡಿದ ಮೇಲೆ ಎಲ್ಲರೂ ತಮ್ಮ ತಮ್ಮ ಫೋನು ತೆಗೆದುಕೊಂಡು ಪಕ್ಕದ ತೋಟಕ್ಕೆ ಬನ್ನಿ. ಮೊದಲು ಕನ್ನಡ ಕೀಲಿಮಣೆ ಇಲ್ಲದವರ ಫೋನಿಗೆ ಅದನ್ನು ಹಾಕಿಕೊಳ್ಳೋಣ. ಆಮೇಲೆ ಬೇಲಿಯ ನಾಲ್ಕು ಮೂಲೆಯಲ್ಲಿ ನಿಂತು ಬಿಂದು ಗುರುತಿಸೋಣ. ದಾರಿಯಲ್ಲಿ ಕಾಂಡಕೊರಕ ಬಿದ್ದ ಗಿಡ ಕಂಡರೆ ಪ್ರತಿಯೊಬ್ಬರೂ ಅಲ್ಲೇ ನಿಂತು ಒಂದು ಸಾಲು ಬರೆದು ನನಗೆ ತೋರಿಸಬೇಕು.